ಏಲಿಗೆ ಕೇಳಿಸದ ದನಿ

ಎಂಟನೆಯ ತರಗತಿಯಿಂದ ಪಿಯುಸಿಯವರೆಗೆ ಓದುತ್ತಿರುವ, ಚರ್ಚಿಗೆ ಹೊರಡುವ ಗಡಿಬಿಡಿಯಲ್ಲಿ ಅಮ್ಮ ಹಾಕಿಟ್ಟ ರೇಡಿಯೊ ಬೇಡವೆಂದರೂ ಕಿವಿಗೆ ಬೀಳುತ್ತಿರುವ ಹುಡುಗ ಹುಡುಗಿಯರೇ, ಇವತ್ತಿನ ಮಾತು ನಿಮ್ಮ ಜತೆ. ಹಿರಿಯರು ಪಕ್ಕದ ಕೋಣೆಯಿಂದ ಕೇಳಿಸಿಕೊಂಡರೆ ಅಡ್ಡಿಯಿಲ್ಲ. ಕೆಲವು ಮಾತು ಅವರಿಗೂ ಇವೆ.

ಸಭೆಯ ವಾರ್ಷಿಕೋತ್ಸವ, ಯುವಜನರ ಭಾನುವಾರ, ಕ್ರಿಸ್‌ಮಸ್ ಕಾರ್ಯಕ್ರಮ, ಎಲ್ಲಿ ಹೋದರೂ ವೇದಿಕೆಯ ಮೇಲಿರುವವರು ನಿಮ್ಮ ಕಡೆ ತಿರುಗಿ ಒಂದು ಮಾತನ್ನು ಹೇಳಿಯೇ ಹೇಳುತ್ತಾರೆ. ನೀವು ನಾಳಿನ ಸಭೆ, ನಾಳಿನ ನಾಯಕರು. ಚಪ್ಪಾಳೆ ಬೀಳುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ, ನಾನು ತಪ್ಪು ತಿಳಿಯುವುದಿಲ್ಲ. ಆದರೆ ಆ ಮಾತಿನ ಒಳಗೆ ಅವರಿಗೇ ಗೊತ್ತಿಲ್ಲದ ಇನ್ನೊಂದು ಮಾತು ಅಡಗಿದೆ: ಇವತ್ತಿಗೆ ಸುಮ್ಮನೆ ಕುಳಿತಿರಿ. ಕುರ್ಚಿ ಜೋಡಿಸಿ, ಲಾಡು ಹಂಚಿ, ಒಂದು ಆ್ಯಕ್ಷನ್ ಸಾಂಗ್ ಮಾಡಿ, ಕುಳಿತುಕೊಳ್ಳಿ. ನಿಮ್ಮ ಸರದಿ ಬಂದಾಗ ಕರೆಯುತ್ತೇವೆ. ಆ ಸರದಿ ಬರುವ ಹೊತ್ತಿಗೆ ನೀವು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತೀರಿ, ಕರೆಯುವವರು ಸ್ಮಶಾನದಲ್ಲಿ ಇರುತ್ತಾರೆ.

ನಾನು ಬಹಳ ವರ್ಷ ಭಾನುವಾರ ಶಾಲೆಯಲ್ಲಿ ಪಾಠ ಮಾಡಿದವಳು. ಪಾಠ ಮಾಡುತ್ತ ಮಾಡುತ್ತ ನನಗೆ ಕಂಡದ್ದು ಇಷ್ಟು: ಸತ್ಯವೇದದಲ್ಲಿ ದೇವರು ಎಳೆಯರಿಗೆ ಕೆಲಸ ಕೊಟ್ಟಾಗಲೆಲ್ಲ ಅದು ಆ ರಾತ್ರಿಯ ಕೆಲಸ, ಆ ಮಧ್ಯಾಹ್ನದ ಕೆಲಸ. ದೊಡ್ಡವರಾದ ಮೇಲೆ ಮಾಡಲಿ ಎಂದು ಮೀಸಲಿಟ್ಟದ್ದು ಕಡಿಮೆ. ಅಷ್ಟೇ ಅಲ್ಲ, ಅದು ದೊಡ್ಡವರ ಕಣ್ಣಿಗೆ ಬೀಳದೆ ಹೋದ, ಅವರ ಕಿವಿಗೆ ಕೇಳಿಸದೆ ಹೋದ ಕೆಲಸ. ಎಳೆಯರು ಮೊದಲು ಕಂಡರು, ಕಂಡದ್ದನ್ನು ಹೇಳಿದರು. ಯಾರಾದರೂ ಒಬ್ಬ ಹಿರಿಯರು ಅದಕ್ಕೆ ಕಿವಿಗೊಟ್ಟರು. ಹಾಗೆ ಕೆಲಸ ನಡೆಯಿತು.

ಶೀಲೋವಿನ ದೇವಾಲಯದಲ್ಲಿ ಬೆಳೆದ ಸಮುವೇಲನ ಕಥೆ ನಿಮಗೆಲ್ಲ ಗೊತ್ತು. ಮಂಡಿಯೂರಿ ಕೈಮುಗಿದ, ಬಿಳಿ ಅಂಗಿಯ, ಉಬ್ಬುಗೆನ್ನೆಯ ಪುಟ್ಟ ಸಮುವೇಲನ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. ಇಂಗ್ಲೆಂಡಿನ ಜೋಶುವ ರೆನಾಲ್ಡ್ಸ್ ಎಂಬ ಕಲಾವಿದ ಹದಿನೆಂಟನೆಯ ಶತಮಾನದಲ್ಲಿ ಬರೆದ ಚಿತ್ರ ಅದು. ಬಹಳ ಮುದ್ದಾಗಿದೆ, ಬಹಳ ದಾರಿ ತಪ್ಪಿಸಿದೆ. ಅದನ್ನು ನೋಡಿದ ಹೈಸ್ಕೂಲು ಹುಡುಗ ಇದು ಅಂಗನವಾಡಿಯವರ ಕಥೆ, ನನ್ನದಲ್ಲ ಎಂದುಕೊಳ್ಳುತ್ತಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಹೇಳುವ ಪ್ರಕಾರ ದೇವರ ಕರೆ ಬಂದ ಆ ರಾತ್ರಿ ಸಮುವೇಲನಿಗೆ ಹನ್ನೆರಡು ವರ್ಷ ತುಂಬಿತ್ತು. ಅಂದರೆ ಏಳನೆಯ ತರಗತಿಯ ಹುಡುಗ. ಅವನನ್ನು ನಿಮ್ಮ ಬೆಂಚಿನಲ್ಲೇ ಕೂರಿಸಿಕೊಂಡು ಈ ಕಥೆಯನ್ನು ಇನ್ನೊಮ್ಮೆ ಓದಿ.

ಮುದುಕ ಯಾಜಕ ಏಲಿಗೆ ಕಣ್ಣು ಮಂಜಾಗಿದೆ. ಅವನ ಮಕ್ಕಳಾದ ಹೊಫ್ನಿ, ಫೀನೆಹಾಸರು ದೇವಾಲಯವನ್ನೇ ಸ್ವಂತ ಆಸ್ತಿ ಮಾಡಿಕೊಂಡಿದ್ದಾರೆ. ಜನ ಭಕ್ತಿಯಿಂದ ತಂದ ಯಜ್ಞದ ಮಾಂಸವನ್ನು ಬೇಯುವ ಮೊದಲೇ ಕಿತ್ತುಕೊಳ್ಳುತ್ತಾರೆ, ಬಾಗಿಲ ಬಳಿ ಸೇವೆ ಮಾಡುವ ಹೆಂಗಸರೊಂದಿಗೆ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ. ಊರಿಗೆಲ್ಲ ಗೊತ್ತು. ತಂದೆ ಒಂದೆರಡು ಬುದ್ಧಿಮಾತು ಹೇಳಿ ಸುಮ್ಮನಾಗಿದ್ದಾನೆ. ಆ ಕಾಲದಲ್ಲಿ ದೇವರ ವಾಕ್ಯ ಅಪರೂಪವಾಗಿತ್ತು ಎಂದು ಬರೆದವನು ಹೇಳುತ್ತಾನೆ. ಅಪರೂಪವಾಗದೆ ಏನಾದೀತು?

ಆ ಕತ್ತಲಲ್ಲಿ ದನಿ ಕೇಳಿಸುವುದು ಹುಡುಗನಿಗೆ. ಏಲಿಯೇ ಕರೆದನೆಂದುಕೊಂಡು ಅವನು ಎದ್ದು ಮುದುಕನ ಹತ್ತಿರ ಓಡುತ್ತಾನೆ. ಒಮ್ಮೆಯಲ್ಲ, ಮೂರು ಸಲ. ನಡುರಾತ್ರಿ ಕರೆದರೆ ಮೂರನೆಯ ಸಲವೂ ಗೊಣಗದೆ ಎದ್ದು ಓಡುವ ಹನ್ನೆರಡರ ಹುಡುಗ ನಿಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನನಗೆ ಕಾಣುವುದಿಲ್ಲ, ಆದರೂ ಎತ್ತಿ.

ಇಲ್ಲಿ ಒಂದು ವಾಕ್ಯವನ್ನು ನಾವು ಸಾಮಾನ್ಯವಾಗಿ ಹಾರಿಸಿ ಓದುತ್ತೇವೆ. ಸಮುವೇಲನಿಗೆ ಆಗಿನ್ನೂ ದೇವರ ಅನುಭವ ಆಗಿರಲಿಲ್ಲ ಎಂದು ಆ ಅಧ್ಯಾಯದಲ್ಲೇ ಸ್ಪಷ್ಟವಾಗಿ ಬರೆದಿದೆ. ದೀಪ ನೋಡಿಕೊಳ್ಳುವ ಜಾಗದಲ್ಲೇ ಮಲಗುವವನು, ನಾರುಬಟ್ಟೆಯ ಏಫೋದು ತೊಟ್ಟು ಚಿಕ್ಕಂದಿನಿಂದ ಸೇವೆ ಮಾಡಿದವನು, ಆದರೂ ದೇವರನ್ನು ಇನ್ನೂ ಅರಿಯದವನು. ನಿಮ್ಮಲ್ಲಿ ಅನೇಕರು ನನ್ನ ಹತ್ತಿರ ಗುಟ್ಟಾಗಿ ಕೇಳಿದ್ದೀರಿ: ಟೀಚರ್, ನಾನು ಕ್ವಾಯರಿನಲ್ಲಿ ಹಾಡುತ್ತೇನೆ, ಆದರೆ ಪ್ರಾರ್ಥನೆ ಮಾಡುವಾಗ ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಅನುಮಾನ ಬರುತ್ತದೆ, ನಾನು ಹಾಡುವುದು ಮೋಸವೇ? ಮೋಸವಲ್ಲ. ಸಮುವೇಲ ಬಾಗಿಲು ತೆರೆದು, ದೀಪದ ಹತ್ತಿರ ಮಲಗಿ ಕೆಲಸ ಮಾಡುತ್ತಿದ್ದ ಜಾಗದಲ್ಲೇ ಅವನಿಗೆ ಕರೆ ಬಂತು. ಎಲ್ಲ ಅನುಮಾನ ತೀರಿದ ಮೇಲೆ ಸೇವೆಗೆ ಬರುತ್ತೇನೆ ಎಂದರೆ ನಮ್ಮ ಸಭೆಯ ಹಿರಿಯರಲ್ಲೂ ಅರ್ಧ ಜನ ಮನೆಗೆ ಹೋಗಬೇಕಾದೀತು.

ಬೆಳಗಾದ ಮೇಲೆ ನಡೆದದ್ದು ಇನ್ನೂ ಕಷ್ಟದ್ದು. ದೇವರು ಹುಡುಗನಿಗೆ ಹೇಳಿದ್ದು ಸಿಹಿ ಸುದ್ದಿಯಲ್ಲ. ಏಲಿಯ ಮನೆತನಕ್ಕೆ ಬರಲಿರುವ ನ್ಯಾಯತೀರ್ಪು. ಮಕ್ಕಳು ಮಾಡಿದ್ದು ಗೊತ್ತಿದ್ದೂ ತಡೆಯಲಿಲ್ಲ ಎಂಬುದೇ ಅವನ ಮೇಲಿನ ಆಪಾದನೆ. ಸಮುವೇಲ ಬೆಳಗಿನ ತನಕ ಮಲಗಿಕೊಂಡಿದ್ದು, ಎದ್ದು ದೇವಾಲಯದ ಬಾಗಿಲು ತೆರೆದ, ದಿನದಂತೆ. ದರ್ಶನವಾಯಿತೆಂದು ಆ ದಿನದ ಕೆಲಸಕ್ಕೆ ರಜೆ ಹಾಕಲಿಲ್ಲ. ಏಲಿಗೆ ಹೇಳಲು ಹೆದರಿದ. ಹೆದರದೆ ಇರುತ್ತಾನೆಯೇ, ತನ್ನನ್ನು ಸಾಕಿದ ಮುದುಕನ ಮುಖ ನೋಡಿ ಹೇಳಬೇಕು. ಆಗ ಏಲಿ ತಾನೇ ಕರೆದು, ಒಂದನ್ನೂ ಮುಚ್ಚಿಡಬೇಡ ಎಂದು ಒತ್ತಾಯಿಸಿ ಕೇಳಿದ. ಹುಡುಗ ಎಲ್ಲವನ್ನೂ ಹೇಳಿದ. ಮುದುಕ ಅವನನ್ನು ಗದರಿಸಲಿಲ್ಲ, ಹೊಡೆಯಲಿಲ್ಲ, ನೀನ್ಯಾರು ನನಗೆ ಹೇಳಲು ಎನ್ನಲಿಲ್ಲ. ಏಲಿಯ ಮೇಲೆ ನೂರು ದೂರು ಹೇಳಬಹುದು, ಆದರೆ ಈ ಎರಡು ಕೆಲಸಕ್ಕಾಗಿ ನಾನು ಅವನಿಗೆ ಕೈಮುಗಿಯುತ್ತೇನೆ. ತನಗೆ ಕೇಳಿಸದ ದನಿ ಹುಡುಗನಿಗೆ ಕೇಳಿಸಿತು ಎಂದು ಒಪ್ಪಿಕೊಂಡ. ಆ ದನಿ ತನ್ನ ವಿರುದ್ಧವೇ ಮಾತಾಡಿದಾಗಲೂ ಕೇಳಿಸಿಕೊಂಡ.

ಇಷ್ಟು ಹೇಳಿದ ಮೇಲೆ ಮೃದುಮಾತಿನಲ್ಲಿ ಮುಚ್ಚಿಡಬಾರದ ಒಂದು ವಿಷಯ ಇದೆ. ದೇವರ ಮನೆಯೊಳಗೇ ಕೆಟ್ಟದ್ದು ನಡೆಯಬಲ್ಲದು ಎಂದು ಸತ್ಯವೇದ ಮೂರು ಸಾವಿರ ವರ್ಷದ ಹಿಂದಿನ ಕಥೆಯಲ್ಲಿ ನೇರವಾಗಿ ಬರೆದಿಟ್ಟಿದೆ. ಸೇವೆಯ ಹೆಸರಿನಲ್ಲಿ, ಕ್ಯಾಂಪಿನ ಹೆಸರಿನಲ್ಲಿ, ಪ್ರಾರ್ಥನೆಯ ಹೆಸರಿನಲ್ಲಿ ಯಾರೇ ಆಗಲಿ, ಅವರು ಎಷ್ಟೇ ದೊಡ್ಡವರಾಗಿರಲಿ, ನಿಮ್ಮ ಜತೆ ಸಲ್ಲದ ರೀತಿಯಲ್ಲಿ ನಡೆದುಕೊಂಡು, ಯಾರಿಗೂ ಹೇಳಬೇಡ ಎಂದರೆ, ಹೇಳಿ. ಅಮ್ಮನಿಗೆ ಹೇಳಿ, ನಂಬಿಕೆಯ ಟೀಚರಿಗೆ ಹೇಳಿ, 1098 ಮಕ್ಕಳ ಸಹಾಯವಾಣಿಗೆ ಹೇಳಿ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ಸಮುವೇಲ ಪ್ರವಾದಿಯಾಗಿ ಬಾಯಿಬಿಟ್ಟ ಮೊದಲ ಮಾತೇ ದೇವರ ಮನೆಯ ಕೆಡುಕಿನದು. ಹೇಳುವುದು ದೇವರಿಗೆ ದ್ರೋಹ ಎಂದು ಯಾರಾದರೂ ಹೆದರಿಸಿದರೆ ಈ ಅಧ್ಯಾಯವನ್ನು ತೋರಿಸಿ.

ಎರಡನೆಯ ಕಥೆ ಒಬ್ಬ ಸೋದರಳಿಯನದು. ಈ ಹುಡುಗ ಅಪೊಸ್ತಲರ ಕೃತ್ಯಗಳ 23ನೆಯ ಅಧ್ಯಾಯದಲ್ಲಿ ಬಂದು ಏಳು ವಚನದಲ್ಲಿ ಮಾಯವಾಗುತ್ತಾನೆ. ಹೆಸರೂ ಇಲ್ಲ. ಅವನ ಸೋದರಮಾವ ಅಪೊಸ್ತಲ ಪೌಲ. ಪೌಲನನ್ನು ಯೆರೂಸಲೇಮಿನಲ್ಲಿ ರೋಮನ್ ಸೈನಿಕರು ಕೋಟೆಯೊಳಗೆ ಇಟ್ಟಿದ್ದರು. ಹೊರಗೆ ನಲವತ್ತಕ್ಕಿಂತ ಹೆಚ್ಚು ಜನ, ಪೌಲನನ್ನು ಕೊಲ್ಲುವ ತನಕ ಅನ್ನ ನೀರು ಮುಟ್ಟುವುದಿಲ್ಲ ಎಂದು ಆಣೆ ಹಾಕಿಕೊಂಡಿದ್ದರು. ವಿಚಾರಣೆಗೆಂದು ಅವನನ್ನು ಹೊರಗೆ ಕರೆಸಿ, ದಾರಿಯಲ್ಲೇ ಮುಗಿಸುವುದು ಅವರ ಹೊಂಚು. ಆ ಗುಟ್ಟು ಈ ಹುಡುಗನ ಕಿವಿಗೆ ಬಿತ್ತು. ಹೇಗೆ ಬಿತ್ತು ಎಂದು ಆ ಪುಸ್ತಕ ಬರೆದ ಲೂಕ ಹೇಳುವುದಿಲ್ಲ. ದೊಡ್ಡವರು ಗಂಭೀರ ಮಾತು ಆಡುವಾಗ ಪಕ್ಕದಲ್ಲಿರುವ ಹುಡುಗರನ್ನು ಲೆಕ್ಕಕ್ಕೆ ಇಡುವುದಿಲ್ಲ, ಅಷ್ಟಂತೂ ನನಗೆ ಗೊತ್ತು. ಲೆಕ್ಕಕ್ಕಿಲ್ಲದವನಾಗಿ ಇರುವುದರಲ್ಲೂ ಒಂದು ಅನುಕೂಲವಿದೆ!

ಅವನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾವನಿಗಾಗಿ ಪ್ರಾರ್ಥಿಸಿದ್ದರೂ ನಾವು ಅವನನ್ನು ಭಕ್ತ ಎನ್ನುತ್ತಿದ್ದೆವು. ಅವನು ಕೋಟೆಗೆ ನಡೆದ. ಸಶಸ್ತ್ರ ಕಾವಲಿನ ಒಳಗೆ ಹೋಗಿ ಮಾವನಿಗೆ ವಿಷಯ ಮುಟ್ಟಿಸಿದ. ಪೌಲ, ಹೋಗು ಮಗು, ದೊಡ್ಡವರ ವಿಷಯ, ನಿನಗೇಕೆ ಎನ್ನದೆ ಶತಾಧಿಪತಿಯನ್ನು ಕರೆದು ಇವನನ್ನು ಸಹಸ್ರಾಧಿಪತಿಯ ಬಳಿಗೆ ಕರೆದೊಯ್ಯಲು ಹೇಳಿದ. ಆ ರೋಮನ್ ಅಧಿಕಾರಿ ಕ್ಲೌದ್ಯ ಲೂಸ್ಯ ಹುಡುಗನ ಕೈಹಿಡಿದು, ಪಕ್ಕಕ್ಕೆ ಕರೆದು, ಏನು ಹೇಳಬೇಕಿತ್ತು ಎಂದು ಕೇಳಿದ. ಆ ಕೈಹಿಡಿದದ್ದನ್ನು ಲೂಕ ಮರೆಯದೆ ಬರೆದಿದ್ದಾನೆ. ಫಲ ಏನಾಯಿತು ನೋಡಿ: ಇನ್ನೂರು ಕಾಲಾಳು, ಎಪ್ಪತ್ತು ಕುದುರೆ ಸವಾರರು, ಇನ್ನೂರು ಭಲ್ಲೆಯವರು ಅದೇ ರಾತ್ರಿ ಪೌಲನನ್ನು ಊರ ಹೊರಗೆ ದಾಟಿಸಿದರು. ಒಬ್ಬ ಹುಡುಗನ ಮಾತಿಗೆ ನಾನೂರ ಎಪ್ಪತ್ತು ಜನ ಹೊರಟರು. ಮುಂದೆ ಪೌಲ ರೋಮಿಗೆ ಹೋದದ್ದು, ಸೆರೆಯಿಂದ ಪತ್ರಗಳನ್ನು ಬರೆದದ್ದು, ಎಲ್ಲದರ ಹಿಂದೆ ಈ ಹೆಸರಿಲ್ಲದ ಸೋದರಳಿಯ ಇದ್ದಾನೆ.

ನಾಮಾನನ ಮನೆಯ ಹುಡುಗಿಯನ್ನೂ ಇದೇ ಸಾಲಿಗೆ ಸೇರಿಸಿ. ಅರಾಮ್ಯರು ಕೊಳ್ಳೆಹೊಡೆದು ಹಿಡಿದುತಂದ ಇಸ್ರಾಯೇಲಿನ ಹುಡುಗಿ ಅವಳು, ಸೇನಾಪತಿಯ ಹೆಂಡತಿಯ ಸೇವಕಿ. ತನ್ನ ಊರನ್ನು ಸುಲಿದವರ ಮನೆಯ ಯಜಮಾನನಿಗೆ ಕುಷ್ಠ ಬಂದರೆ ಅವಳಿಗೇನು? ಆದರೆ ಅವಳು ಬಾಯಿಬಿಟ್ಟಳು: ಸಮಾರ್ಯದಲ್ಲಿ ಒಬ್ಬ ಪ್ರವಾದಿ ಇದ್ದಾನೆ. ಆಮೇಲೆ ರಾಜರಿಂದ ರಾಜರಿಗೆ ಪತ್ರ ಹೋಯಿತು, ಹತ್ತು ತಲಾಂತು ಬೆಳ್ಳಿ, ಆರು ಸಾವಿರ ತೊಲೆ ಬಂಗಾರ ಹೊರಟಿತು, ಇಸ್ರಾಯೇಲಿನ ಅರಸ ಗಾಬರಿಯಿಂದ ಬಟ್ಟೆ ಹರಿದುಕೊಂಡ. ಅರಮನೆಗಳಿಗೆ ಗೊತ್ತಿಲ್ಲದ ವಿಳಾಸ ಆ ಕೆಲಸದ ಹುಡುಗಿಗೆ ಗೊತ್ತಿತ್ತು. ಮನೆಯೊಡತಿ ಅವಳ ಮಾತನ್ನು ತಳ್ಳಿಹಾಕದೆ ಗಂಡನಿಗೆ ಹೇಳಿದಳಲ್ಲ, ಆ ಹೆಂಗಸಿಗೂ ಒಂದು ನಮಸ್ಕಾರ. ದ್ವೇಷಿಸಲು ಎಲ್ಲ ಕಾರಣ ಇದ್ದ ಮನೆಯಲ್ಲಿ ನಿಂತು ಆ ಮನೆಯವರ ಒಳಿತನ್ನು ಬಯಸಿದ್ದು ಅವಳ ಸೇವೆ. ನಿಮ್ಮ ತರಗತಿಯಲ್ಲಿ, ನಿಮ್ಮ ಬೀದಿಯಲ್ಲಿ ಬೇರೆ ಧರ್ಮದ ಗೆಳೆಯರು, ಕೆಲವೊಮ್ಮೆ ನಿಮ್ಮನ್ನು ಚುಚ್ಚುವವರೂ ಇರುತ್ತಾರೆ. ಅವರ ಮನೆಯಲ್ಲಿ ಜ್ವರ ಬಂದಾಗ ಆಸ್ಪತ್ರೆಗೆ ಜತೆಯಾಗಿ ಹೋಗುವುದಕ್ಕೆ ಯಾರ ಅನುಮತಿಯೂ ಬೇಡ, ಯಾವ ಧರ್ಮೋಪದೇಶವೂ ಬೇಡ.

ಸತ್ಯವೇದದ ಕಾಲ ಬಿಟ್ಟು ಸ್ವಲ್ಪ ಇತ್ತ ಬರೋಣ. ವೇಲ್ಸ್ ದೇಶದ ಮೇರಿ ಜೋನ್ಸ್ ಕಥೆಯನ್ನು ನಿಮಗೆ ಯಾವುದಾದರೂ ಟೀಚರು ಹೇಳಿರುತ್ತಾರೆ. ನೇಕಾರನ ಮಗಳು. ತನ್ನ ಭಾಷೆಯ ಸತ್ಯವೇದ ತನಗೊಂದು ಬೇಕೆಂದು ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸಿ, 1800ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಬೆಟ್ಟದ ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರು ನಡೆದು ಬಾಲಾ ಎಂಬ ಊರಿಗೆ ಹೋದಳು. ಅಲ್ಲಿದ್ದ ಥಾಮಸ್ ಚಾರ್ಲ್ಸ್ ಎಂಬ ಬೋಧಕರಿಂದ ಪುಸ್ತಕ ಪಡೆದಳು. ನಾವು ಈ ಕಥೆಯನ್ನು ಹುಡುಗಿಯ ನಡಿಗೆಗೆ ನಿಲ್ಲಿಸಿಬಿಡುತ್ತೇವೆ. ನನಗೆ ಚಾರ್ಲ್ಸ್ ಕೂಡ ಮುಖ್ಯ. ಆತ ಹುಡುಗಿಯ ತಲೆ ಸವರಿ ಕಳಿಸಿ ಮರೆತುಬಿಡಲಿಲ್ಲ. ವೇಲ್ಸ್ ಜನರಿಗೆ ಅವರ ಭಾಷೆಯ ಪುಸ್ತಕ ಸಿಗುತ್ತಿಲ್ಲ ಎಂಬ ಕೊರಗನ್ನು ಲಂಡನ್ನಿನ ತನಕ ಒಯ್ದು ದೊಡ್ಡವರ ಮುಂದೆ ಇಟ್ಟ. 1804ರಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಹುಟ್ಟಿದ್ದಕ್ಕೆ ಆ ಕೊರಗೂ ಒಂದು ಕಾರಣ. ವೇಲ್ಸಿಗೆ ಬೇಕಾದರೆ ಉಳಿದ ಭಾಷೆಗಳಿಗೆ ಏಕೆ ಬೇಡ ಎಂಬ ಪ್ರಶ್ನೆಯೂ ಆಗಲೇ ಎದ್ದಿತು. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಎಂಬ ಮಿಷನರಿ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದ. 1831ರ ಹೊತ್ತಿಗೆ ಕನ್ನಡದಲ್ಲಿ ಇಡೀ ಸತ್ಯವೇದ ಅಚ್ಚಾಯಿತು. ಆ ಬಗೆಯ ಕೆಲಸಕ್ಕೆ ಬೆನ್ನಾಸರೆಯಾಗಿ ನಿಂತದ್ದು ಬೈಬಲ್ ಸೊಸೈಟಿಯೇ. ಮೇರಿಗೆ ಕನ್ನಡ ಎಂಬ ಭಾಷೆ ಇದೆಯೆಂದು ತಿಳಿದಿರಲಿಕ್ಕಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಪುಸ್ತಕ, ಅಷ್ಟೇ.

ನಮ್ಮ ಮಂಗಳೂರಿನಲ್ಲೇ ಹೇಳುವುದಾದರೆ, 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಬಂದಿಳಿದು ಕೆಲಸ ಆರಂಭಿಸಿದರು. ಎರಡು ವರ್ಷದ ನಂತರ ಹರ್ಮನ್ ಮೊಗ್ಲಿಂಗ್ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೆಗೆ ನಾಂದಿ ಹಾಡಿದವರು ಅವರೇ. ಅವರ ಪ್ರಭಾವಕ್ಕೆ ಒಳಗಾದ ವಿದ್ಯಾರ್ಥಿಗಳಲ್ಲಿ ಆನಂದರಾವ್ ಕೌಂಡಿನ್ಯ ಒಬ್ಬರು, 1825ರಲ್ಲಿ ಹುಟ್ಟಿದವರು. 1844ರಲ್ಲಿ ಅವರು ದೀಕ್ಷಾಸ್ನಾನ ಪಡೆದಾಗ ಹದಿಹರೆಯ ಇನ್ನೂ ಮುಗಿದಿರಲಿಲ್ಲ. ಮನೆ, ಬಂಧುಬಳಗ ದೂರವಾದವು. ಊರಲ್ಲಿ ದೊಡ್ಡ ಗುಲ್ಲೆದ್ದಿತು. ಅಂಥ ನೋವನ್ನು ಯಾರಾದರೂ ಬೇಕೆಂದು ತಂದುಕೊಳ್ಳಬೇಕು ಎಂದು ನಾನು ಹೇಳುತ್ತಿಲ್ಲ. ಅವರ ಮನೆಯವರ ನೋವನ್ನೂ ನಾವು ಮರೆಯಬಾರದು. ನಾನು ಹೇಳಹೊರಟದ್ದು ಆಮೇಲಿನದು. ಊರಿಗೆ ಮರಳುವಾಗ ಮೊಗ್ಲಿಂಗ್ ಈ ಹುಡುಗನನ್ನು ಜತೆಗೇ ಬಾಸೆಲಿಗೆ ಕರೆದೊಯ್ದರು. ಯುರೋಪಿನ ವಿದ್ಯಾರ್ಥಿಗಳ ಸಾಲಿನಲ್ಲಿ ಕೂತು ಓದಿದ ಕೌಂಡಿನ್ಯರಿಗೆ 1851ರಲ್ಲಿ ಗುರುದೀಕ್ಷೆಯಾಯಿತು. ಬಾಸೆಲ್ ಮಿಷನ್ನಿನಲ್ಲಿ ಹಾಗೆ ದೀಕ್ಷೆ ಪಡೆದ ಮೊದಲ ಭಾರತೀಯ ಅವರು. ಬಿಳಿಯರೇ ಗುರುಗಳು, ನಾಡಿನವರೆಲ್ಲ ಸಹಾಯಕರು ಎಂಬ ಆ ಕಾಲದಲ್ಲಿ ಒಬ್ಬ ಹುಡುಗನನ್ನು ಸರಿಸಮನಾಗಿ ಕಾಣಲು ಒಬ್ಬ ಹಿರಿಯನಿಗೂ ಧೈರ್ಯ ಬೇಕಿತ್ತು.

ಕನ್ನಡ ನಿಘಂಟಿನ ಕಿಟೆಲರ ವಿಷಯ ಬೇರೆ ಕಾರಣಕ್ಕೆ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂದಾಗ ಮನೆಯವರು, ಚರ್ಚಿನ ಕೆಲಸ ಆಮೇಲೆ ಮಾಡಿದರಾಯಿತು, ಈಗ ಓದು ಎನ್ನುತ್ತಾರೆ. ನೀವು ಮುಖ ಸಣ್ಣದು ಮಾಡಿಕೊಳ್ಳುತ್ತೀರಿ. ಇಬ್ಬರೂ ಓದು ಬೇರೆ, ಸೇವೆ ಬೇರೆ ಎಂದುಕೊಂಡಿರುವುದರಿಂದ ಈ ಜಗಳ. ಜರ್ಮನಿಯ ಕರಾವಳಿಯಲ್ಲಿ ಪಾದ್ರಿಯ ಮಗನಾಗಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಅರೆದು ಕುಡಿದ ಹುಡುಗ. ಆಗ ಅವರಿಗೆ ಕನ್ನಡದ ಗಂಧವೂ ಇರಲಿಲ್ಲ. 1853ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಈ ನಾಡಿಗೆ ಬಂದರು. 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಹೊರಬಂತು. ಶಾಲೆಯಲ್ಲಿ ವ್ಯಾಕರಣದ ಪಾಠಕ್ಕೆ ಕೂತು ಬೆನ್ನು ನೋಯಿಸಿಕೊಂಡ ದಿನಗಳಿಲ್ಲದೆ ಆ ನಿಘಂಟು ಇಲ್ಲ. ಹಾಗಾಗಿ ಪರೀಕ್ಷೆಯ ತಿಂಗಳಲ್ಲಿ ಕ್ವಾಯರ್ ಅಭ್ಯಾಸ ತಪ್ಪಿದರೆ ದೇವರು ಹಾಜರಿ ಪುಸ್ತಕ ತೆಗೆಯುವುದಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲೂ ಸಿಇಟಿ, ಸಿಇಟಿ ಮುಗಿದ ಮೇಲೆ ಕಾಲೇಜು, ಆಮೇಲೆ ಕೆಲಸ, ಆಮೇಲೆ ಮದುವೆ ಎಂದು ಮುಂದೂಡುತ್ತ ಹೋಗುವವರಿಗೆ ನಾನು ಈ ಮಾತು ಹೇಳಲಿಲ್ಲ.

ಮೊಬೈಲಿನ ವಿಷಯ ಬರದೆ ನಿಮ್ಮ ಜತೆ ಮಾತು ಮುಗಿಯುವಂತಿಲ್ಲ. ನಾನು ಬೈಯುವುದಿಲ್ಲ, ಭಯಪಡಬೇಡಿ. ಇಟಲಿಯ ಮಿಲಾನಿನಲ್ಲಿ ಬೆಳೆದ ಕಾರ್ಲೊ ಅಕುಟಿಸ್ ಎಂಬ ಹುಡುಗ ವಿಡಿಯೊ ಗೇಮ್ ಆಡುತ್ತಿದ್ದ, ಕಂಪ್ಯೂಟರ್ ಪ್ರೋಗ್ರಾಮಿಂಗ್ ಸ್ವಂತವಾಗಿ ಕಲಿತಿದ್ದ. ಆ ವಿದ್ಯೆಯಿಂದ, ಪರಮಪ್ರಸಾದಕ್ಕೆ ಸಂಬಂಧಿಸಿದ ಅದ್ಭುತಗಳೆಂದು ಲೋಕದ ಬೇರೆಬೇರೆ ಊರುಗಳಲ್ಲಿ ನಂಬಿಕೊಂಡು ಬಂದ ಸಂಗತಿಗಳನ್ನು ಒಟ್ಟುಗೂಡಿಸಿ ಅಂತರ್ಜಾಲದಲ್ಲಿ ಇಟ್ಟ. ಬೀದಿಯಲ್ಲಿ ಮಲಗುವವರಿಗೆ ಸಹಾಯ ಮಾಡುತ್ತಿದ್ದ. 2006ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೆಯ ಲಿಯೊ ಅವನನ್ನು ಸಂತನೆಂದು ಘೋಷಿಸಿದರು. ಅಸ್ಸೀಸಿಯಲ್ಲಿ ಅವನ ದೇಹವನ್ನು ಜೀನ್ಸ್, ಸ್ನೀಕರ್ಸ್ ತೊಡಿಸಿ ಇರಿಸಿದ್ದಾರೆ. ನಾನು ಪ್ರೊಟೆಸ್ಟೆಂಟ್ ಸಭೆಯವಳು, ಸಂತರ ವಿಷಯದಲ್ಲಿ ನಮ್ಮ ಕ್ರಮ ಬೇರೆ. ಆದರೂ ಕಥೊಲಿಕ ಗೆಳೆಯರ ಈ ಹುಡುಗ ನನಗೆ ಇಷ್ಟ. ಸತ್ತ ಮೇಲೂ ಅವನ ಕಾಲಿಗೆ ಹಳೆಯ ಕಾಲದ ಚಪ್ಪಲಿ ತೊಡಿಸಲಿಲ್ಲವಲ್ಲ, ಅದಕ್ಕೆ.

ಹಾಗಾದರೆ ನಾವೇನು ಮಾಡಬೇಕು ಟೀಚರ್ ಎಂದು ನೀವು ಕೇಳುತ್ತೀರಿ. ಪಟ್ಟಿ ಕೊಡಲು ನನಗೆ ಇಷ್ಟವಿಲ್ಲ. ಪಟ್ಟಿ ಕೊಟ್ಟರೆ ನೀವು ನನ್ನ ಕಣ್ಣಿನಿಂದ ನೋಡಿದ ಹಾಗಾಗುತ್ತದೆ, ನನ್ನ ಕಣ್ಣೂ ಏಲಿಯ ಕಣ್ಣಿನ ಹತ್ತಿರಕ್ಕೆ ಬಂದಿದೆ. ನಿಮ್ಮ ಕಣ್ಣಿಗೆ ಬೀಳುವುದನ್ನು ನೋಡಿ. ಪ್ರತಿ ಭಾನುವಾರ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ಅಜ್ಜಿ ಎರಡು ತಿಂಗಳಿಂದ ಬರುತ್ತಿಲ್ಲ. ಚರ್ಚಿನ ಮೆಟ್ಟಿಲಿಗೆ ಹಿಡಿಯಲು ಕಂಬಿಯಿಲ್ಲ ಎಂಬುದು ಅದಕ್ಕೆ ಕಾರಣ ಎಂದು ಮೆಟ್ಟಿಲ ಮೇಲೆಯೇ ಕೂತು ಹರಟುವ ನಿಮಗೆ ಗೊತ್ತಿರುತ್ತದೆ, ಹಿರಿಯರ ಕಮಿಟಿಗೆ ಗೊತ್ತಿರುವುದಿಲ್ಲ. ಈಶಾನ್ಯದ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗನೊಬ್ಬ ಕೊನೆಯ ಬೆಂಚಿನಲ್ಲಿ ಕೂತು ಕನ್ನಡ ಕೀರ್ತನೆ ಅರ್ಥವಾಗದೆ ಪುಟ ತಿರುವುತ್ತಿರುತ್ತಾನೆ. ಕಾಣಿಕೆ ತಟ್ಟೆ ಬರುವ ಹೊತ್ತಿಗೆ ಯಾವ ಗೆಳತಿ ಸುಮ್ಮನೆ ಹೊರಗೆ ಹೋಗುತ್ತಾಳೆ ಎಂದು ನೀವು ಬಲ್ಲಿರಿ. ಯಾವ ಗೆಳೆಯ ಕೆಲವು ವಾರಗಳಿಂದ ನಗುವುದನ್ನು ಬಿಟ್ಟಿದ್ದಾನೆ, ಯಾರ ತೋಳಿನ ಮೇಲೆ ಗಾಯದ ಗೆರೆಗಳಿವೆ ಎಂಬುದು ಅಯ್ಯನವರಿಗೂ ಅವನ ತಾಯಿಗೂ ಗೊತ್ತಾಗುವ ಮೊದಲು ನಿಮಗೆ ಗೊತ್ತಾಗುತ್ತದೆ. ಇದೇ ನಿಮ್ಮ ಶೀಲೋ. ಕಂಬಿ ಹಾಕಿಸಲು ನಿಮ್ಮ ಹತ್ತಿರ ದುಡ್ಡಿರುವುದಿಲ್ಲ, ಗಾಯ ವಾಸಿ ಮಾಡಲು ನಿಮಗೆ ವಿದ್ಯೆ ಇರುವುದಿಲ್ಲ. ಸೋದರಳಿಯನ ಹತ್ತಿರವೂ ಕತ್ತಿ ಇರಲಿಲ್ಲ. ಅವನು ಹೇಳಿದ.

ಹೇಳಿದಾಗ ಏನಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಹಿರಿಯರು ಎಲ್ಲ ಸಲವೂ ಕೇಳುವುದಿಲ್ಲ. ರೋದೆ ಎಂಬ ಕೆಲಸದ ಹುಡುಗಿಯ ಕಥೆ ನೆನಪಿಸಿಕೊಳ್ಳಿ. ಪೇತ್ರ ಸೆರೆಮನೆಯಲ್ಲಿದ್ದಾನೆ, ಅವನ ಬಿಡುಗಡೆಗಾಗಿ ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ರಾತ್ರಿಯೆಲ್ಲ ಪ್ರಾರ್ಥನೆ. ಬಾಗಿಲು ತಟ್ಟಿದ ಸದ್ದು. ರೋದೆ ಹೋಗಿ ಕೇಳಿದರೆ ಪೇತ್ರನ ದನಿ. ಸಂತೋಷಕ್ಕೆ ಬಾಗಿಲು ತೆರೆಯುವುದನ್ನೇ ಮರೆತು ಒಳಗೋಡಿದಳು. ಪ್ರಾರ್ಥನೆಯ ಹಿರಿಯರು ಅವಳಿಗೆ ಹೇಳಿದ್ದೇನು? ನಿನಗೆ ಹುಚ್ಚು. ಅವಳು ಬಿಡಲಿಲ್ಲ. ಹಾಗಾದರೆ ಅವನ ದೂತನಿರಬೇಕು ಎಂದರು. ತಾವು ಕೇಳಿಕೊಳ್ಳುತ್ತಿದ್ದ ವರವೇ ಹೊರಗೆ ನಿಂತು ಬಾಗಿಲು ತಟ್ಟುತ್ತಿದೆ, ಒಳಗೆ ದೈವಶಾಸ್ತ್ರದ ಚರ್ಚೆ. ಹಿರಿಯರೇ, ಪಕ್ಕದ ಕೋಣೆಯಲ್ಲಿ ಕೇಳುತ್ತಿದ್ದೀರಾ? ಯುವಜನರು ಸಭೆ ಬಿಟ್ಟುಹೋಗದಂತೆ ಕಾಪಾಡು ಎಂದು ನಾವು ಉಪವಾಸ ಪ್ರಾರ್ಥನೆ ಇಡುತ್ತೇವೆ. ಅದೇ ಯುವಜನರಲ್ಲಿ ಒಬ್ಬಳು ಎದ್ದು ಏನಾದರೂ ಹೇಳಿದರೆ, ಚಿಕ್ಕವಳು, ಕೂತುಕೋ ಎನ್ನುತ್ತೇವೆ. ಸೌಂಡ್ ಸಿಸ್ಟಮ್ ಕೆಟ್ಟಾಗ ಮಾತ್ರ ಅವರ ನೆನಪಾಗುತ್ತದೆ. ಸಭೆಯ ಸಮಿತಿಯಲ್ಲಿ ಹದಿನೆಂಟು ತುಂಬದವರಿಗೆ ಮತ ಕೊಡಲು ನಿಯಮ ಬಿಡದಿರಬಹುದು, ಮಾತಾಡಲು ಐದು ನಿಮಿಷ ಕೊಡಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ.

ರೋದೆ ಕೆಲಸಕ್ಕಿದ್ದ ಆ ಮನೆಯ ಮಗ ಮಾರ್ಕನ ಮಾತು ಹೇಳಿ ನಿಲ್ಲಿಸುತ್ತೇನೆ. ಪೌಲ, ಬಾರ್ನಬರು ಮೊದಲ ಸುವಾರ್ತಾ ಪ್ರಯಾಣಕ್ಕೆ ಅವನನ್ನು ಸಹಾಯಕನಾಗಿ ಕರೆದೊಯ್ದರು. ಪಂಫುಲ್ಯದ ಪೆರ್ಗೆ ತಲಪುತ್ತಿದ್ದಂತೆ ಅವನು ಬಿಟ್ಟು ಯೆರೂಸಲೇಮಿಗೆ ಮರಳಿದ. ಮನೆಯ ನೆನಪೋ, ಕಾಯಿಲೆಯೋ, ಬೇಸರವೋ, ಕಾರಣ ಬರೆದಿಲ್ಲ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಳ್ಳೋಣ ಎಂದು ಬಾರ್ನಬ, ಅರ್ಧದಲ್ಲಿ ಬಿಟ್ಟುಹೋದವನು ಬೇಡವೇ ಬೇಡ ಎಂದು ಪೌಲ. ಇಬ್ಬರು ಅಪೊಸ್ತಲರು ಇವನಿಗಾಗಿ ಜಗಳವಾಡಿ ದಾರಿ ಬೇರೆ ಮಾಡಿಕೊಂಡರು. ಬಾರ್ನಬ ತನ್ನ ಹತ್ತಿರದ ನೆಂಟನಾದ ಮಾರ್ಕನನ್ನು ಕರೆದುಕೊಂಡು ಕುಪ್ರದ್ವೀಪಕ್ಕೆ ಹಡಗು ಹತ್ತಿದ. ವರ್ಷಗಳಾದ ಮೇಲೆ ಸೆರೆಯಲ್ಲಿದ್ದ ಪೌಲ ತಿಮೊಥೆಯನಿಗೆ ಬರೆದ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ ಎಂಬ ಅರ್ಥದ ಮಾತಿದೆ. ಎರಡನೆಯ ಸುವಾರ್ತೆ ಬರೆದವನು ಈ ಮಾರ್ಕನೇ ಎಂದು ಸಭೆಯ ಪರಂಪರೆ ನಂಬಿಕೊಂಡು ಬಂದಿದೆ. ಹೋದ ವರ್ಷ ಯೂತ್ ಫೆಲೋಶಿಪ್ಪಿನ ಕಾರ್ಯದರ್ಶಿಯಾಗಿ ಹೆಸರು ಕೊಟ್ಟು ಮೂರನೆಯ ಕೂಟಕ್ಕೇ ಬಾರದೆ ಹೋದ ಹುಡುಗರೇ, ನೀವೂ ಕೇಳುತ್ತಿದ್ದೀರಿ ಎಂದು ನನಗೆ ಗೊತ್ತು.

ಏಪ್ರಿಲ್ ತಿಂಗಳಲ್ಲಿ ಹೆಚ್ಚಿನ ಸಭೆಗಳಲ್ಲಿ ವಿ.ಬಿ.ಎಸ್., ಅಂದರೆ ಮಕ್ಕಳ ರಜಾಕಾಲದ ಬೈಬಲ್ ಶಾಲೆ, ಶುರುವಾಗುತ್ತದೆ. ಸಣ್ಣ ಮಕ್ಕಳ ಗುಂಪಿಗೆ ಕಥೆ ಹೇಳಲು, ಕ್ರಾಫ್ಟ್ ಮಾಡಿಸಲು, ಬಿದ್ದು ಅತ್ತವರ ಮೊಣಕಾಲು ತೊಳೆಯಲು ಪ್ರತಿ ವರ್ಷವೂ ಜನ ಸಾಲುವುದಿಲ್ಲ. ನಿಮ್ಮ ಭಾನುವಾರ ಶಾಲೆಯ ಸೂಪರಿಂಟೆಂಡೆಂಟರ ಹತ್ತಿರ ಈ ವಾರವೇ ಹೆಸರು ಕೊಡಿ. ವಯಸ್ಸು ಸಾಲದು ಎಂದು ಅವರೇನಾದರೂ ಹೇಳಿದರೆ, ರೇಡಿಯೊದಲ್ಲಿ ಒಬ್ಬರು ಟೀಚರು ಕಳಿಸಿದರು ಎನ್ನಿ.